ಫ್ಯಾನು ತಿರುಗಿದರೆ ಮಳೆ ಓಡುತ್ತದೆಯೇ? ಜತ್ತದ ಪ್ರಶ್ನೆಗೆ ಗಾಳಿಯ ಲೆಕ್ಕ

ಕರ್ನಾಟಕದ ಗಡಿಗೆ ಹತ್ತಿದ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಆಷಾಢದ ಮಧ್ಯಾಹ್ನ ಹೊಲದ ಬದುವಿನ ಮೇಲೆ ನಿಂತರೆ ಎರಡು ನೋಟ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ. ಮೇಲೆ ಪಡುವಣದಿಂದ ಮೂಡಣಕ್ಕೆ ಮೋಡಗಳು ಓಡುತ್ತಿರುತ್ತವೆ. ಕೆಳಗೆ ಮಡ್ಡಿಯ (ಕಲ್ಲುನೆಲದ ದಿಬ್ಬದ) ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿರುತ್ತವೆ. ಮಳೆ ಮಾತ್ರ ಹನಿಯುವುದಿಲ್ಲ. ಇದನ್ನು ವರ್ಷಗಟ್ಟಲೆ ನೋಡಿದವರು "ಫ್ಯಾನ್ ಬಂದ ಮ್ಯಾಲ ಮಳಿ ಹೋತ್ರಿ" ಅಂದರೆ ಅದರಲ್ಲಿ ಆಶ್ಚರ್ಯವೇನಿದೆ?

ಈ ಮಾತು ಜತ್ತ, ಉಮದಿ, ಸಂಖದ ಕಡೆಯದ್ದಷ್ಟೇ ಅಲ್ಲ. 2000ರ ದಶಕದ ಶುರುವಿನ ಬರದ ವರ್ಷಗಳಲ್ಲಿ ಸಾತಾರಾ, ಸಾಂಗ್ಲಿ, ಧುಳೆ ಜಿಲ್ಲೆಗಳ ರೈತರೂ ಇದನ್ನೇ ಜೋರಾಗಿ ಹೇಳಿದ್ದರು. ಓದಿದವರು ಆಗ ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಿದರು. ನನಗೆ ಅದು ಸರಿ ಅನ್ನಿಸುವುದಿಲ್ಲ. ಆಕಾಶ ನೋಡಿ ಬಿತ್ತುವ ಜನ ಕಣ್ಣಾರೆ ಕಂಡದ್ದನ್ನು ಜೋಡಿಸಿ ಒಂದು ಪ್ರಶ್ನೆ ಕೇಳಿದ್ದಾರೆ. ಗಾಳಿಯ ದಾರಿಯಲ್ಲಿ ಇಷ್ಟು ದೊಡ್ಡ ಯಂತ್ರ ನಿಲ್ಲಿಸಿದರೆ ಗಾಳಿಗೆ ಏನೂ ಆಗುವುದಿಲ್ಲವೇ? ಇದು ಒಳ್ಳೆಯ ಪ್ರಶ್ನೆ. ಎಂಜಿನಿಯರಿಂಗ್ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗದಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್, ಅಂದರೆ ಗಾಳಿ, ನೀರು ಹರಿಯುವ ರೀತಿಯ ವಿಜ್ಞಾನ ಕಲಿಸುವ ಪ್ರೊಫೆಸರುಗಳು ತಮ್ಮ ಸಂಶೋಧನೆಯಲ್ಲಿ ಕೇಳುವುದೂ ಹೆಚ್ಚುಕಡಿಮೆ ಇದನ್ನೇ.

ಇದನ್ನು ಈಗ ಮತ್ತೆ ಎತ್ತಲು ಕಾರಣವಿದೆ. ದೇಶದ ಗಾಳಿ ವಿದ್ಯುತ್ ಸಾಮರ್ಥ್ಯ 2025ರ ಮಾರ್ಚ್ ಹೊತ್ತಿಗೆ 50,000 ಮೆಗಾವ್ಯಾಟ್ ದಾಟಿತು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ತಂದ ನೀತಿ, 2 ಮೆಗಾವ್ಯಾಟ್‌ಗಿಂತ ಚಿಕ್ಕ ಹಳೆಯ ಯಂತ್ರಗಳನ್ನು ಇಳಿಸಿ ದೊಡ್ಡವನ್ನು ಏರಿಸಲು ದಾರಿ ಮಾಡಿಕೊಟ್ಟಿದೆ. ಅಂದರೆ ಗಡಿಯ ಮಡ್ಡಿಗಳ ಮೇಲೆ ಮುಂದೆ ನಿಲ್ಲುವ ಯಂತ್ರಗಳು ಇನ್ನೂ ಎತ್ತರ, ಇನ್ನೂ ಅಗಲ ಇರುತ್ತವೆ. ಹಳೆಯ ಅನುಮಾನ ಹೊಸದಾಗಿ ಹುಟ್ಟುತ್ತದೆ. ಅದಕ್ಕೆ ಮುಂಚೆ ಉತ್ತರ ಸಿಗಬೇಕು. ಉತ್ತರ ಲೆಕ್ಕದ ಸಮೇತ ಇರಬೇಕು, ಅದೂ ಕನ್ನಡದಲ್ಲಿ. ಜತ್ತದ ಪೂರ್ವದ ಹಳ್ಳಿಗಳಲ್ಲಿ ಮಕ್ಕಳು ಇವತ್ತಿಗೂ ಕನ್ನಡ ಶಾಲೆಗೆ ಹೋಗುತ್ತಾರೆ.

ಯಂತ್ರ ಗಾಳಿಯಿಂದ ಏನು ಕಿತ್ತುಕೊಳ್ಳುತ್ತದೆ

ಮೊದಲು ಒಂದು ವಿಷಯ ತಿಳಿಯಾಗಬೇಕು. ಮನೆಯ ಫ್ಯಾನು ಕರೆಂಟು ತಿಂದು ಗಾಳಿಯನ್ನು ತಳ್ಳುತ್ತದೆ. ಮಡ್ಡಿಯ ಮೇಲಿನ ಯಂತ್ರ ಇದಕ್ಕೆ ಪೂರ್ತಿ ಉಲ್ಟಾ. ಗಾಳಿಯೇ ಅದನ್ನು ತಳ್ಳುತ್ತದೆ, ಅದು ಕರೆಂಟು ಕೊಡುತ್ತದೆ. ಹಾಗಾಗಿ ಅದು ಮೋಡವನ್ನು ಊದಿ ಕಳಿಸುವ ಪ್ರಶ್ನೆಯೇ ಬರುವುದಿಲ್ಲ. ಅದರ ಹಿಂದೆ ಹೊರಡುವ ಗಾಳಿ ಬಂದದ್ದಕ್ಕಿಂತ ನಿಧಾನವಾಗಿರುತ್ತದೆ.

ಎಷ್ಟು ನಿಧಾನ? ರೆಕ್ಕೆಗಳು ಸುತ್ತುವ ವೃತ್ತದ ಅಗಲ 100 ಮೀಟರ್ ಅಂತ ಇಟ್ಟುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 7,850 ಚದರ ಮೀಟರ್, ಹೆಚ್ಚುಕಡಿಮೆ ಎರಡು ಎಕರೆ. ಗಾಳಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬೀಸುವಾಗ ಅಷ್ಟು ಅಗಲದ ದಾರಿಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 69 ಟನ್ ಗಾಳಿ ಹರಿಯುತ್ತದೆ. ಗಾಳಿಗೆ ತೂಕವೇ ಇಲ್ಲ ಅಂದುಕೊಂಡವರು ಈ ಸಂಖ್ಯೆಯನ್ನು ಇನ್ನೊಮ್ಮೆ ಓದಬೇಕು. ಆ ಹರಿವಿನಲ್ಲಿರುವ ಶಕ್ತಿ ಸುಮಾರು 2.2 ಮೆಗಾವ್ಯಾಟ್.

ಅಷ್ಟನ್ನೂ ಕಿತ್ತುಕೊಳ್ಳಲು ಆಗುವುದಿಲ್ಲ. ಕಿತ್ತುಕೊಂಡರೆ ಗಾಳಿ ಯಂತ್ರದ ಹಿಂದೆಯೇ ನಿಂತುಬಿಡಬೇಕು. ನಿಂತರೆ ಹಿಂದಿನಿಂದ ಬರುವ ಗಾಳಿಗೆ ದಾರಿ ಇರುವುದಿಲ್ಲ, ಅದು ಪಕ್ಕಕ್ಕೆ ಸರಿದು ಹೋಗುತ್ತದೆ. ಜರ್ಮನಿಯ ಗಾಟಿಂಗೆನ್‌ನಲ್ಲಿದ್ದ ಆಲ್ಬರ್ಟ್ ಬೆಟ್ಸ್ 1920ರಲ್ಲಿ ಈ ಮಿತಿಯನ್ನು ಲೆಕ್ಕ ಹಾಕಿ ತೋರಿಸಿದರು. ಗಾಳಿಯ ಶಕ್ತಿಯಲ್ಲಿ ಹೆಚ್ಚೆಂದರೆ 27ರಲ್ಲಿ 16 ಪಾಲು, ಅಂದರೆ ಶೇ 59.3ರಷ್ಟು ಮಾತ್ರ ಕೈಗೆ ಸಿಗುತ್ತದೆ. ಎಂಥ ರೆಕ್ಕೆ ಮಾಡಿದರೂ ಇದನ್ನು ದಾಟಲು ಆಗುವುದಿಲ್ಲ. ನಿಜವಾದ ಯಂತ್ರಗಳಿಗೆ ದಕ್ಕುವುದು ಸಾಮಾನ್ಯವಾಗಿ ಶೇ 40–45ರ ಆಸುಪಾಸು.

ಇನ್ನೊಂದು ನಿಯಮ ರೈತರಿಗೂ ಕಂಪನಿಗಳಿಗೂ ಒಂದೇ ಥರ ಮುಖ್ಯ. ಗಾಳಿಯ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. 8 ಮೀಟರ್ ವೇಗದಲ್ಲಿ 2.2 ಮೆಗಾವ್ಯಾಟ್ ಇದ್ದದ್ದು 4 ಮೀಟರ್ ವೇಗಕ್ಕೆ ಬಂದಾಗ 0.28 ಮೆಗಾವ್ಯಾಟ್‌ಗೆ ಕುಸಿಯುತ್ತದೆ. ಅದಕ್ಕೇ ಕಂಪನಿಗಳು ಎಲ್ಲೆಂದರಲ್ಲಿ ಯಂತ್ರ ನಿಲ್ಲಿಸುವುದಿಲ್ಲ. ಗಾಳಿ ಚೆನ್ನಾಗಿ ಬೀಸುವ, ಮರ ಕಡಿಮೆ ಇರುವ, ಬಯಲಾದ ಎತ್ತರದ ಜಾಗ ಹುಡುಕಿಕೊಂಡು ಬರುತ್ತವೆ. ನಮ್ಮ ಕಡೆ ಅಂಥ ಜಾಗ ಅಂದರೆ ಮೊದಲಿನಿಂದಲೂ ಮಳೆ ಕಡಿಮೆ ಇದ್ದ ಮಡ್ಡಿಯೇ. ಯಂತ್ರ ಬಂದದ್ದರಿಂದ ಆ ಜಾಗ ಒಣಗಲಿಲ್ಲ. ಒಣಗಿದ ಜಾಗವಾದ್ದರಿಂದ ಅಲ್ಲಿಗೆ ಯಂತ್ರ ಬಂತು.

ಇಷ್ಟಾದರೂ ಅನುಮಾನ ಉಳಿಯಬಹುದು. ನಿಧಾನ ಆದ ಗಾಳಿಯಲ್ಲಿದ್ದ ನೀರಿನ ಪಸೆ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಯಂತ್ರ ಗಾಳಿಯ ವೇಗವನ್ನು ತೆಗೆದುಕೊಳ್ಳುತ್ತದೆ, ಅದರಲ್ಲಿರುವ ಆವಿಯನ್ನು ಮುಟ್ಟುವುದಿಲ್ಲ. ಮೇಲಾಗಿ ಅದು ತಲುಪುವ ಗಾಳಿಯ ಪಾಲೇ ಬಹಳ ಸಣ್ಣದು. ಮುಂಗಾರಿನ ಪಸೆ ತುಂಬಿದ ಗಾಳಿ ನೆಲದಿಂದ 3 ಕಿಲೋಮೀಟರ್‌ಗೂ ಮೇಲಿನವರೆಗೆ ಹರಿಯುತ್ತದೆ. ಅದರ ಅತಿ ಜೋರಿನ ಹರಿವು ಇರುವುದು ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ. 1966ರಲ್ಲಿ ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್ ದಕ್ಷಿಣ ಭಾರತದ ಮೇಲೆ ಈ ಹರಿವು ಇದೆ ಅಂತ ತೋರಿಸಿಕೊಟ್ಟರು. ನಾವು ಹಿಡಿದ ಯಂತ್ರದ ರೆಕ್ಕೆ ಓಡಾಡುವುದು 50ರಿಂದ 150 ಮೀಟರ್ ಎತ್ತರದಲ್ಲಿ. ಒಂದು ಸಾಲಿನಲ್ಲಿ ಯಂತ್ರದಿಂದ ಯಂತ್ರಕ್ಕೆ ರೆಕ್ಕೆಯ ವೃತ್ತದ ಐದು ಪಟ್ಟು ದೂರ ಇದ್ದರೆ, 3 ಕಿಲೋಮೀಟರ್ ಎತ್ತರದ ಆ ಗಾಳಿಗೋಡೆಯಲ್ಲಿ ರೆಕ್ಕೆಗಳು ಗುಡಿಸುವ ಪಾಲು ನೂರಕ್ಕೆ ಅರ್ಧದಷ್ಟು ಮಾತ್ರ. ಉಳಿದ ತೊಂಬತ್ತೊಂಬತ್ತೂವರೆ ಪಾಲಿಗೆ ಕೆಳಗೆ ಯಂತ್ರ ಇದೆ ಅನ್ನುವುದೇ ಗೊತ್ತಾಗುವುದಿಲ್ಲ.

ಹಾಗಾದರೆ ಮೋಡ ಯಾಕೆ ಸುಮ್ನೆ ಓಡಿಹೋಗುತ್ತದೆ

ಇದಕ್ಕೆ ಉತ್ತರ ಜತ್ತದಲ್ಲಿಲ್ಲ. ಪಶ್ಚಿಮಕ್ಕೆ 150 ಕಿಲೋಮೀಟರ್‌ನಷ್ಟು ದೂರದ ಸಹ್ಯಾದ್ರಿಯಲ್ಲಿದೆ. ಅರಬ್ಬಿ ಸಮುದ್ರದಿಂದ ಬಂದ ಗಾಳಿ ಘಟ್ಟ ಹತ್ತುವಾಗ ತಣ್ಣಗಾಗುತ್ತದೆ. ತಣ್ಣಗಾದ ಗಾಳಿಗೆ ಆವಿಯನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಅದು ಮಳೆಯಾಗಿ ಅಲ್ಲೇ ಸುರಿಯುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಘಟ್ಟ ದಾಟಿದ ಗಾಳಿ ಈಚೆ ಕಡೆ ಇಳಿಯುತ್ತದೆ. ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ. ಒಂದು ಕಿಲೋಮೀಟರ್ ಇಳಿದರೆ ಸುಮಾರು 10 ಡಿಗ್ರಿ ಸೆಲ್ಸಿಯಸ್. ಬಿಸಿಯಾದ ಗಾಳಿಯಲ್ಲಿ ಮೋಡ ಕರಗುತ್ತದೆ, ಉಳಿದದ್ದು ತೆಳ್ಳಗಾಗಿ ತೇಲುತ್ತದೆ. ಜತ್ತಕ್ಕೆ ಬರುವ ಹೊತ್ತಿಗೆ ವರ್ಷದ ಮಳೆ 500 ಮಿಲಿಮೀಟರ್ ಆಸುಪಾಸಿಗೆ ಇಳಿದಿರುತ್ತದೆ. ಘಟ್ಟದ ಮಳೆಯಲ್ಲಿ ಹತ್ತನೇ ಒಂದು ಪಾಲು.

ಆಷಾಢದಲ್ಲಿ ನಾವು ನೋಡುವ ಆ ಓಡುವ ಮೋಡಗಳು ಇಂಥವೇ. ಅವು ಎತ್ತರಕ್ಕೆ ಬೆಳೆಯುವುದಿಲ್ಲ. ಅದೇ ಹೊತ್ತಿಗೆ ಗಾಳಿ ಮಾತ್ರ ವರ್ಷದಲ್ಲೇ ಅತಿ ಜೋರಾಗಿರುತ್ತದೆ, ಯಂತ್ರಗಳು ಭರ್ತಿ ತಿರುಗುತ್ತವೆ. ಮಿರಗದ (ಮೃಗಶಿರ) ಮಳೆಯಿಂದ ಆಶ್ಲೇಷದವರೆಗೆ ಈ ಭಾಗದ ಕಥೆ ಇದು. ಗಾಳಿ ಜೋರು, ಮೋಡ ತೆಳ್ಳಗೆ, ಮಳೆ ತುಂತುರು. ಎರಡೂ ಒಂದೇ ಮುಂಗಾರಿನ ಕೆಲಸ. ಒಂದು ಇನ್ನೊಂದಕ್ಕೆ ಕಾರಣ ಅಲ್ಲ.

ಈಗ ಮಳೆಯ ನಕ್ಷತ್ರಗಳನ್ನು ಮುಂದೆ ಎಣಿಸಿ. ಹುಬ್ಬ ಕಳೆದು ಉತ್ತರಿ, ಹಸ್ತ ಬರುತ್ತವೆ. ಸೆಪ್ಟೆಂಬರಿನಲ್ಲಿ ಪಶ್ಚಿಮದ ಗಾಳಿ ಸೋಲತೊಡಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಾದ ನೆಲದಿಂದ ಗಾಳಿ ನೆಟ್ಟಗೆ ಮೇಲೆದ್ದು, ಸಂಜೆಗೆ ಗುಡುಗು ಸಿಡಿಲಿನ ಮಳೆ ಹೊಡೆಯುತ್ತದೆ. ಜತ್ತ, ಮಂಗಳವೇಢೆ, ಅಕ್ಕಲಕೋಟೆಗೆ ಬದುಕು ಕೊಡುವ ಮಳೆ ಇದೇ. ಹಿಂಗಾರಿ ಬಿಳಿಜೋಳ ಬಿತ್ತುವುದೂ ಇದೇ ಹಸಿಗೆ. ಅತ್ತ ಆಂಧ್ರದ ಗಡಿಯ ಅನಂತಪುರ, ರಾಯದುರ್ಗ, ಮಡಕಶಿರದ ಕಡೆಯೂ ಹೀಗೆಯೇ. ಅಲ್ಲೂ ಸೆಪ್ಟೆಂಬರ್ ಮಳೆಯೇ ದೊಡ್ಡ ಮಳೆ, ಆಷಾಢದ ಗಾಳಿಯೇ ದೊಡ್ಡ ಗಾಳಿ. ಅಂದರೆ ನಮಗೆ ನಿಜವಾದ ಮಳೆ ಬರುವ ಹೊತ್ತಿಗೆ ಗಾಳಿ ಸೋತು, ಯಂತ್ರಗಳು ಬಹುಪಾಲು ನಿಧಾನ ಆಗಿರುತ್ತವೆ ಅಥವಾ ನಿಂತೇ ಇರುತ್ತವೆ. ಮಳೆ ಓಡಿಸುತ್ತವೆ ಅನ್ನುವ ವಾದಕ್ಕೆ ಈ ಪಂಚಾಂಗ ಹೊಂದುವುದಿಲ್ಲ.

ಮೋಡದ ಒಳಗಿನ ಬೆಂಕಿ

ಇಲ್ಲಿ ರೊದ್ದಂ ನರಸಿಂಹ ಅವರನ್ನು ನೆನೆಯಲೇಬೇಕು. ಅನಂತಪುರ ಸೀಮೆಯ ರೊದ್ದಂ ಊರನ್ನು ಹೆಸರಿನಲ್ಲೇ ಹೊತ್ತವರು. ತಂದೆ ಆರ್.ಎಲ್. ನರಸಿಂಹಯ್ಯ ಕನ್ನಡದಲ್ಲಿ ವಿಜ್ಞಾನ ಬರೆದ ಮೊದಲ ಸಾಲಿನವರು. ಮಗ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ 1953ರಲ್ಲಿ ಮೆಕ್ಯಾನಿಕಲ್ ಮುಗಿಸಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಹತ್ತಿರ ಕಲಿತು, ಹರಿಯುವ ಗಾಳಿಯ ಅಧ್ಯಯನದಲ್ಲಿ ಜಗತ್ತೇ ಗುರುತಿಸುವ ಪ್ರೊಫೆಸರಾದರು. ವಿಮಾನದ ರೆಕ್ಕೆಯಿಂದ ಮುಂಗಾರಿನ ಮೋಡದವರೆಗೆ ಅವರ ಕುತೂಹಲ ಹಬ್ಬಿತ್ತು. 2020ರಲ್ಲಿ ತೀರಿಕೊಂಡರು.

ಅವರು ಮತ್ತು ಅವರ ಜೊತೆಗಾರರು ಬೆಂಗಳೂರಿನಲ್ಲಿ ಮೋಡವನ್ನು ನೀರಿನ ತೊಟ್ಟಿಯೊಳಗೆ ತಂದರು. ತೊಟ್ಟಿಯ ತುಂಬ ಕರೆಂಟು ಹರಿಯದಷ್ಟು ಶುದ್ಧವಾದ ನೀರು. ಅದರ ತಳದಿಂದ ಸ್ವಲ್ಪ ಆಮ್ಲ ಬೆರೆಸಿದ ನೀರಿನ ಧಾರೆಯನ್ನು ಮೇಲಕ್ಕೆ ಬಿಡುತ್ತಾರೆ. ಈ ಧಾರೆಯಲ್ಲಿ ಮಾತ್ರ ಕರೆಂಟು ಹರಿಯುತ್ತದೆ. ಧಾರೆ ಒಂದು ಎತ್ತರ ತಲುಪಿದಾಗ ಅಲ್ಲಿ ಕಟ್ಟಿದ ತಂತಿಗಳ ಜಾಲದಿಂದ ಅದಕ್ಕೆ ಕರೆಂಟು ಕೊಡುತ್ತಾರೆ. ಧಾರೆ ಒಳಗಿನಿಂದಲೇ ಬಿಸಿಯಾಗುತ್ತದೆ, ಸುತ್ತಲಿನ ನೀರು ತಣ್ಣಗೇ ಇರುತ್ತದೆ. ಅಲ್ಲಿಯವರೆಗೆ ಹರಡುತ್ತ ಏರುತ್ತಿದ್ದ ಧಾರೆಯ ನಡತೆ ಆ ಜಾಗದಿಂದ ಬದಲಾಗುತ್ತದೆ. ಸುತ್ತಲಿನ ನೀರನ್ನು ಒಳಗೆ ಎಳೆದುಕೊಳ್ಳುವ ರೀತಿ ಬೇರೆಯಾಗುತ್ತದೆ. ಬಿಸಿಯ ಪ್ರಮಾಣ ಹೆಚ್ಚು ಕಡಿಮೆ ಮಾಡಿದರೆ ಹೂಕೋಸಿನಂಥ ಮೋಡ, ಗೋಪುರದಂಥ ಮೋಡ, ಆಕಾಶದಲ್ಲಿ ಕಾಣುವ ನಾನಾ ಆಕಾರಗಳು ತೊಟ್ಟಿಯಲ್ಲಿ ಮೂಡುತ್ತವೆ. ಈ ಫಲಿತಾಂಶ 2011ರಲ್ಲಿ ಪ್ರಕಟವಾಯಿತು.

ಕರೆಂಟು ಕೊಟ್ಟು ಬಿಸಿ ಮಾಡಿದ್ದು ಯಾಕೆ? ನಿಜವಾದ ಮೋಡದಲ್ಲಿ ಆವಿ ಹನಿಯಾಗುವಾಗ ಬಿಡುಗಡೆಯಾಗುವ ಶಾಖದ ಬದಲಿಗೆ. ಮೋಡ ಬೆಳೆಯುವುದು ಈ ಒಳಗಿನ ಶಾಖದಿಂದ. ನೆಲದ ಹತ್ತಿರದ ಗಾಳಿ ಮೋಡವನ್ನು ಹುಟ್ಟಿಸಬಹುದು, ಅದನ್ನು ಹತ್ತು ಕಿಲೋಮೀಟರ್ ಎತ್ತರಕ್ಕೆ ಏರಿಸುವುದು ಒಳಗಿನ ಬೆಂಕಿ.

ಈ ಬೆಂಕಿ ಎಷ್ಟು ದೊಡ್ಡದು ಅನ್ನುವುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಒಂದು ಚದರ ಕಿಲೋಮೀಟರ್ ಹೊಲದ ಮೇಲೆ 10 ಮಿಲಿಮೀಟರ್ ಮಳೆ ಬಿತ್ತು ಅನ್ನಿ. ಬಿತ್ತನೆಗೆ ಸಾಲದ, ಬರೀ ದೂಳು ಅಡಗಿಸುವ ಮಳೆ. ಅದರಲ್ಲಿ 10,000 ಟನ್ ನೀರು ಇರುತ್ತದೆ. ಒಂದು ಕೆಜಿ ಆವಿ ನೀರಾಗುವಾಗ ಸುಮಾರು 25 ಲಕ್ಷ ಜೌಲ್ ಶಾಖ ಹೊರಬರುತ್ತದೆ. ಒಟ್ಟು ಲೆಕ್ಕ ಹಾಕಿದರೆ ಅದು ಸುಮಾರು 70 ಲಕ್ಷ ಯೂನಿಟ್ ಕರೆಂಟಿಗೆ ಸಮ. ನಮ್ಮ ಕಡೆಯ 2 ಮೆಗಾವ್ಯಾಟ್‌ನ ಒಂದು ಗಾಳಿಯಂತ್ರ ಇಡೀ ವರ್ಷ ದುಡಿದರೆ ಕೊಡುವುದು ಸುಮಾರು 40 ಲಕ್ಷ ಯೂನಿಟ್. ಅಂದರೆ ಆ ಒಂದು ಸಣ್ಣ ಮಳೆಯ ಹಿಂದಿರುವ ಶಾಖ, ಯಂತ್ರದ ಒಂದೂಮುಕ್ಕಾಲು ವರ್ಷದ ದುಡಿಮೆಗೆ ಸಮ. ಅದೂ ಅರ್ಧ ಗಂಟೆಯಲ್ಲಿ, ಒಂದೇ ಚದರ ಕಿಲೋಮೀಟರಿಗೆ. ಹಸ್ತದ ಒಂದು ಗುಡುಗು ಮಳೆ ಹೋಬಳಿಗಳನ್ನೇ ತೋಯಿಸುತ್ತದೆ. ಆ ಶಕ್ತಿಯ ಮುಂದೆ ಯಂತ್ರ ಎಷ್ಟರದು ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಮನುಷ್ಯ ಬೇಕೆಂದೇ ಮೋಡಕ್ಕೆ ಕೈ ಹಾಕಿದಾಗ ಎಷ್ಟು ಬದಲಾವಣೆ ಆಗುತ್ತದೆ ಅನ್ನುವುದಕ್ಕೂ ಹತ್ತಿರದ ಉದಾಹರಣೆಯಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 2018 ಮತ್ತು 2019ರಲ್ಲಿ ಸೊಲ್ಲಾಪುರದಲ್ಲಿ ಬಿಡಾರ ಹೂಡಿ ಮೋಡ ಬಿತ್ತನೆಯ ದೊಡ್ಡ ಪ್ರಯೋಗ ಮಾಡಿತು. 276 ಮೋಡಗಳನ್ನು ಆರಿಸಿಕೊಂಡು, ಅವುಗಳಲ್ಲಿ ಕೆಲವಕ್ಕೆ ಮಾತ್ರ ವಿಮಾನದಲ್ಲಿ ಮೋಡದ ಬುಡಕ್ಕೇ ಹೋಗಿ ಉಪ್ಪಿನ ಕಣಗಳನ್ನು ಬಿಟ್ಟು ನೋಡಿದರು. ಬಿತ್ತಿದ ಕಡೆಯಿಂದ ಗಾಳಿ ಹೋಗುವ ದಿಕ್ಕಿನ ಸುಮಾರು 100 ಚದರ ಕಿಲೋಮೀಟರ್‌ನಲ್ಲಿ ಸರಾಸರಿ ಶೇ 18ರಷ್ಟು ಮಳೆ ಹೆಚ್ಚಿತು. ಎಲ್ಲ ಮೋಡವೂ ಇದಕ್ಕೆ ಒಗ್ಗುವುದಿಲ್ಲ, ತಕ್ಕ ಮೋಡವೇ ಬೇಕು. ಮೋಡದ ಬುಡಕ್ಕೆ ನುಗ್ಗಿ ಮಾಡಿದ ಕೆಲಸದ ಫಲವೇ ಇಷ್ಟಾದರೆ, ಮೋಡದಿಂದ ಎಷ್ಟೋ ನೂರು ಮೀಟರ್ ಕೆಳಗೆ ನಿಂತ ರೆಕ್ಕೆ ಅದನ್ನು ಓಡಿಸಿಬಿಡುತ್ತದೆ ಅನ್ನುವುದು ನಂಬುವ ಮಾತಲ್ಲ.

ಊರಿನ ನೆನಪೇ ಹೇಳುವ ಸಾಕ್ಷಿ

ಲೆಕ್ಕ ಬೇಡ ಅನ್ನುವವರಿಗೆ ಚರಿತ್ರೆ ಇದೆ. 1972ರ ಬರ ಈ ಭಾಗದ ಹಿರಿಯರಿಗೆ ಚೆನ್ನಾಗಿ ನೆನಪಿದೆ. ಕೆಂಪು ಜೋಳ ತಿಂದು, ಕಲ್ಲು ಒಡೆಯುವ ಕೆಲಸಕ್ಕೆ ಹೋಗಿ ಬದುಕಿದ ಕಾಲ. ಆಗ ಒಂದೂ ಗಾಳಿಯಂತ್ರ ಇರಲಿಲ್ಲ. 1876–78ರ ಬರದಲ್ಲಿ ಇರಲಿಲ್ಲ. 1791–92ರ ಡೋಗಿಬರದಲ್ಲಂತೂ ಕೇಳುವುದೇ ಬೇಡ. ಬರ ಈ ನೆಲದಲ್ಲಿ ಯಂತ್ರಕ್ಕಿಂತ ನೂರಾರು ವರ್ಷ ಹಳೆಯದು.

ಮತ್ತೆ ಅನುಮಾನ ಹುಟ್ಟಿದ್ದು ಯಾವಾಗ? 1990ರ ದಶಕದ ಕೊನೆಯಿಂದ ಸಾತಾರಾ, ಸಾಂಗ್ಲಿ ಗುಡ್ಡಗಳ ಮೇಲೆ ಯಂತ್ರಗಳು ಸಾಲುಸಾಲಾಗಿ ಎದ್ದವು. ಅದರ ಬೆನ್ನಿಗೇ 2002ರಲ್ಲಿ ಇಡೀ ದೇಶದ ಮುಂಗಾರು ಶೇ 19ರಷ್ಟು ಕಡಿಮೆಯಾಯಿತು. ಆ ಬರ ದೇಶದ ಅರ್ಧ ಭಾಗವನ್ನು ತಟ್ಟಿತು, ಗಾಳಿಯಂತ್ರವೇ ಇಲ್ಲದ ರಾಜ್ಯಗಳೂ ಅದರಲ್ಲಿದ್ದವು. ಆದರೆ ಊರಲ್ಲಿ ನಿಂತು ನೋಡುವವರಿಗೆ ಕಂಡದ್ದು ಎರಡೇ, ಹೊಸ ಯಂತ್ರ ಮತ್ತು ಒಣ ಆಕಾಶ.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಕೊಯ್ನಾ ಜಲಾಶಯದ ನೆತ್ತಿಯ ಮೇಲಿದೆ. ಸಾತಾರಾ ಜಿಲ್ಲೆಯ ವಂಕುಸವಾಡೆ ಪಠಾರದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ, 350 ಕಿಲೋವ್ಯಾಟ್‌ನ 740 ಯಂತ್ರಗಳು ಒಟ್ಟು 259 ಮೆಗಾವ್ಯಾಟ್‌ಗೆ ನಿಂತವು. ಒಂದು ಕಾಲಕ್ಕೆ ದೇಶದ ಅತಿ ದೊಡ್ಡ ಗಾಳಿ ವಿದ್ಯುತ್ ನೆಲೆಗಳಲ್ಲಿ ಅದೂ ಒಂದು. ಮಳೆಗಾಲದಲ್ಲಿ ಮೋಡ ಆ ಯಂತ್ರಗಳ ನಡುವೆಯೇ ನುಗ್ಗಿ ಹೋಗುತ್ತದೆ. ಯಂತ್ರಕ್ಕೆ ಮಳೆ ಓಡಿಸುವ ಶಕ್ತಿ ಇದ್ದಿದ್ದರೆ ಮೊದಲು ಬತ್ತಬೇಕಾದ್ದು ಕೊಯ್ನಾ. ಆದರೆ ಆ ಜಲಾಶಯ ತುಂಬುತ್ತಲೇ ಇದೆ. 2019ರ ಆಗಸ್ಟಿನಲ್ಲಂತೂ ಸಾಂಗ್ಲಿ ಪೇಟೆಯಲ್ಲಿ ಕೃಷ್ಣೆ 57 ಅಡಿ ಮುಟ್ಟಿ ಊರೇ ಮುಳುಗಿತು. ಅದೇ ವರ್ಷ ಅದೇ ಜಿಲ್ಲೆಯ ಜತ್ತದಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಓಡಾಡಿತು. ಒಂದೇ ಜಿಲ್ಲೆಯೊಳಗಿನ ಈ ಅಂತರವನ್ನು ಮಾಡಿದ್ದು ಸಹ್ಯಾದ್ರಿ.

ಯಂತ್ರ ನಿಜವಾಗಿ ಮಾಡುವ ಬದಲಾವಣೆ

ಇಲ್ಲಿಗೇ ಮುಗಿಸಿದರೆ ರೈತರ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟ ಹಾಗಾಗುತ್ತದೆ. ಯಂತ್ರ ಮಳೆಯನ್ನು ಓಡಿಸುವುದಿಲ್ಲ ನಿಜ. ಆದರೆ ಏನೂ ಮಾಡುವುದಿಲ್ಲ ಅನ್ನುವುದೂ ನಿಜವಲ್ಲ. ಕಂಪನಿಯವರು ಹಳ್ಳಿಗೆ ಬಂದಾಗ ಈ ಎರಡನೇ ಮಾತನ್ನು ಬಿಟ್ಟುಬಿಡುತ್ತಾರೆ ಅನ್ನುವುದೇ ನನ್ನ ತಕರಾರು.

ಹತ್ತಿರ ಹೋಗಿ ನಿಂತರೆ ಯಂತ್ರ ನಿಧಾನ ತಿರುಗುತ್ತಿದೆ ಅನ್ನಿಸುತ್ತದೆ, ನಿಮಿಷಕ್ಕೆ ಸುಮಾರು 15 ಸುತ್ತು. ಆದರೆ 100 ಮೀಟರ್ ಅಗಲದ ವೃತ್ತದಲ್ಲಿ ಆ ಸುತ್ತಿಗೆ ರೆಕ್ಕೆಯ ತುದಿ ಗಂಟೆಗೆ 280 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಸುಂಯ್ ಸುಂಯ್ ಅಂತ ಕೇಳುವ ಸದ್ದು ಅದರದ್ದೇ. ಅದು ಹಿಂದೆ ಬಿಡುವ ಗಾಳಿ ನಿಧಾನವಾಗಿರುವುದಷ್ಟೇ ಅಲ್ಲ, ಸುರುಳಿ ಸುರುಳಿಯಾಗಿ ಕದಡಿರುತ್ತದೆ. ಈ ಕದಡಿದ ಗಾಳಿ ಮತ್ತೆ ಸಹಜ ವೇಗಕ್ಕೆ ಬರಲು ರೆಕ್ಕೆಯ ವೃತ್ತದ ಹತ್ತು ಪಟ್ಟಿನಷ್ಟು ದೂರ ಬೇಕಾಗುತ್ತದೆ. ಹಿಂದಿನ ಸಾಲಿನ ಯಂತ್ರಕ್ಕೆ ಇದರಿಂದ ನಷ್ಟ. ಅದಕ್ಕೇ ಒಂದರ ಹಿಂದೆ ಇನ್ನೊಂದನ್ನು ಅಷ್ಟು ದೂರ ದೂರ ಇಡುತ್ತಾರೆ. ಸಾಲು ಸಾಲಿನ ಈ ಜಗಳ ಬಿಡಿಸುವುದೇ ಇವತ್ತು ಫ್ಲೂಯಿಡ್ ಮೆಕ್ಯಾನಿಕ್ಸ್ ಪ್ರೊಫೆಸರುಗಳ ದೊಡ್ಡ ಸಂಶೋಧನೆ.

ಕಣ್ಣಿಗೆ ಕಾಣದ ಈ ಕದಡು ಒಮ್ಮೆ ಕ್ಯಾಮೆರಾಗೆ ಸಿಕ್ಕಿದೆ. 2008ರ ಫೆಬ್ರುವರಿ 12ರಂದು ಡೆನ್ಮಾರ್ಕಿನ ಕಡಲಲ್ಲಿರುವ ಹಾರ್ನ್ಸ್ ರೆವ್ ಎಂಬಲ್ಲಿ ತೆಗೆದ ಫೋಟೊ ಅದು. ಪ್ರತಿ ಯಂತ್ರದ ಹಿಂದೆಯೂ ಬಿಳಿ ಮಂಜಿನ ಬಾಲ ಉದ್ದಕ್ಕೆ ಹಬ್ಬಿದೆ. ನೀರಿನ ಮೇಲಿನ ಪಸೆಯ ಗಾಳಿಯನ್ನೂ ಅದರ ಮೇಲಿನ ಬೇರೆ ಉಷ್ಣತೆಯ ಗಾಳಿಯನ್ನೂ ರೆಕ್ಕೆಗಳು ಬೆರೆಸಿದಾಗ ಅಲ್ಲಿ ಮಂಜು ಹುಟ್ಟಿತು. ಅಂದರೆ ಅವತ್ತು ಯಂತ್ರಗಳು ಮೋಡದಂಥದ್ದನ್ನು ಹುಟ್ಟಿಸಿದವು, ಓಡಿಸಲಿಲ್ಲ. ಮೇಲಿನ ಗಾಳಿಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಬೆರೆಸುವುದು ಯಂತ್ರದ ನಿಜವಾದ ಪರಿಣಾಮ.

ಹೊಲಕ್ಕೆ ಇದರಿಂದ ಏನು? ರಾತ್ರಿ ಹೊತ್ತು ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯದು. ಯಂತ್ರ ಇವೆರಡನ್ನೂ ಬೆರೆಸಿದರೆ ನೆಲದ ಹತ್ತಿರ ಸ್ವಲ್ಪ ಬಿಸಿ ಏರುತ್ತದೆ. ಈಗ ದೆಹಲಿ ಐಐಟಿಯಲ್ಲಿರುವ ಸೋಮನಾಥ್ ಬೈದ್ಯ ರಾಯ್ 2004ರಲ್ಲೇ ಲೆಕ್ಕ ಹಾಕಿ ಇದನ್ನು ಹೇಳಿದ್ದರು. 2010ರಲ್ಲಿ ಕ್ಯಾಲಿಫೋರ್ನಿಯಾದ ಹಳೆಯ ಅಳತೆಗಳಲ್ಲಿ ಅದಕ್ಕೆ ಪುರಾವೆಯನ್ನೂ ತೋರಿಸಿದರು. 2012ರಲ್ಲಿ ಅಮೆರಿಕದ ಟೆಕ್ಸಾಸ್‌ನ ಉಪಗ್ರಹ ಚಿತ್ರಗಳಲ್ಲೂ ಇದು ಕಂಡಿತು. ಯಂತ್ರಗಳ ಸಂಖ್ಯೆ ಏರುತ್ತಿದ್ದ ಕಾಲದಲ್ಲಿ, ಸುತ್ತಲಿನ ಜಾಗಕ್ಕೆ ಹೋಲಿಸಿದರೆ ಯಂತ್ರಗಳಿದ್ದ ನೆಲ ಹತ್ತು ವರ್ಷಕ್ಕೆ 0.72 ಡಿಗ್ರಿ ಲೆಕ್ಕದಲ್ಲಿ ಬೆಚ್ಚಗಾಗಿತ್ತು, ಮುಖ್ಯವಾಗಿ ರಾತ್ರಿಯಲ್ಲಿ. ಇದು ಭೂಮಿಗೆ ಹೊಸ ಶಾಖ ಸೇರಿದ್ದಲ್ಲ, ಇದ್ದ ಶಾಖ ಜಾಗ ಬದಲಿಸಿದ್ದು. ಅಯೊವಾ ರಾಜ್ಯದಲ್ಲಿ ಮೆಕ್ಕೆಜೋಳ, ಸೋಯಾ ಹೊಲಗಳ ನಡುವೆಯೇ ಯಂತ್ರಗಳಿವೆ. ಅಲ್ಲಿನ ವಿಶ್ವವಿದ್ಯಾಲಯದವರು 2010ರಿಂದ ಯಂತ್ರದ ಆಚೆ ಈಚೆ ಉಪಕರಣ ನೆಟ್ಟು ಬೆಳೆಯ ಮೇಲಿನ ಗಾಳಿಯನ್ನು ಅಳೆದಿದ್ದಾರೆ. ಬದಲಾವಣೆ ಇದೆ, ಆದರೆ ಸಣ್ಣದು.

ಮಳೆಯ ಮಟ್ಟಿಗೆ ಹೇಳುವುದಾದರೆ, 2018ರಲ್ಲಿ ಪ್ರಕಟವಾದ ಒಂದು ಕಂಪ್ಯೂಟರ್ ಲೆಕ್ಕಾಚಾರ ಇಡೀ ಸಹಾರಾ ಮರುಭೂಮಿಯನ್ನೇ ಗಾಳಿಯಂತ್ರ, ಸೋಲಾರ್ ಫಲಕಗಳಿಂದ ತುಂಬಿದರೆ ಏನಾಗುತ್ತದೆ ಅಂತ ನೋಡಿತು. ಅಲ್ಲಿ ಮಳೆ ಹೆಚ್ಚಾಗುತ್ತದೆ ಅನ್ನುವ ಉತ್ತರ ಬಂತು. ಯಂತ್ರಗಳಿಂದ ಗಾಳಿ ನಿಧಾನವಾಗಿ, ಒಂದೆಡೆ ಕೂಡಿ ಮೇಲೇರುತ್ತದೆ, ಏರಿದ ಗಾಳಿ ಮಳೆ ತರುತ್ತದೆ. ಆದರೆ ಅದು ಒಂದು ಖಂಡದಷ್ಟು ದೊಡ್ಡ ಜಾಗದ ಕಥೆ, ಮಡ್ಡಿಯ ಮೇಲಿನ ನೂರು ಯಂತ್ರಗಳದ್ದಲ್ಲ. ಫ್ಯಾನು ಮಳೆ ತರಿಸುತ್ತದೆ ಅಂತ ನಾಳೆ ಯಾರಾದರೂ ಜತ್ತದಲ್ಲಿ ಪ್ರಚಾರ ಮಾಡಿದರೆ ಅದನ್ನೂ ನಂಬಬಾರದು.

ಕೇಳಬೇಕಾದ ಬೇರೆ ಪ್ರಶ್ನೆಗಳು

ಮಳೆಯ ಅನುಮಾನದ ಒಳಗೆ ಇನ್ನೊಂದು ನೋವು ಅಡಗಿದೆ ಅಂತ ನನಗನಿಸುತ್ತದೆ. ಜತ್ತದವರಿಗೆ ನೀರೇ ರಾಜಕೀಯ. ಕೃಷ್ಣೆಯ ನೀರೆತ್ತುವ ಮ್ಹೈಸಾಳ ಏತ ನೀರಾವರಿ ಬಂದರೂ ಗಡಿಯ ಕನ್ನಡ ಹಳ್ಳಿಗಳಿಗೆ ನೀರು ತಲುಪಲಿಲ್ಲ ಅನ್ನುವ ಸಿಟ್ಟು 2022ರ ಕೊನೆಗೆ ಎರಡು ರಾಜ್ಯಗಳ ಮುಖ್ಯಮಂತ್ರಿಗಳೇ ಮಾತಾಡುವ ಮಟ್ಟಕ್ಕೆ ಹೋಯಿತು. ಅಂಥ ಊರಿನ ತಲೆಯ ಮೇಲೆ ಯಂತ್ರ ತಿರುಗುತ್ತದೆ, ಅದರ ಕರೆಂಟು ದೊಡ್ಡ ಲೈನು ಹಿಡಿದು ಹೊರಟುಹೋಗುತ್ತದೆ. ಅದರ ನೆರಳಿನ ಹೊಲದ ರೈತ ಪಾಳಿಯ ಕರೆಂಟಿಗೆ ಕಾದು, ರಾತ್ರಿ ಎದ್ದು ಪಂಪು ಚಾಲೂ ಮಾಡಬೇಕು. ತಾಂತ್ರಿಕವಾಗಿ ಇದಕ್ಕೆ ಕಾರಣ ಹೇಳಬಹುದು. ಯಂತ್ರದ ಕರೆಂಟು ಗ್ರಿಡ್‌ಗೆ ಹೋಗುತ್ತದೆ, ಹಳ್ಳಿಯ ಫೀಡರಿನ ಪಾಳಿ ಬೇರೆ ಕಡೆ ತೀರ್ಮಾನವಾಗುತ್ತದೆ. ಆದರೆ ಕತ್ತಲಲ್ಲಿ ಹಾವು ಚೇಳಿನ ನಡುವೆ ದಾಳಿಂಬೆಗೆ ನೀರು ಬಿಡುವವರಿಗೆ ಈ ಕಾರಣ ಸಮಾಧಾನ ಕೊಡುತ್ತದಾ? ಇಲ್ಲ. ಬಾಡಿಗೆ, ಕ್ರೇನ್ ಓಡಾಡಿ ಕೆಟ್ಟ ರಸ್ತೆ, ಹಗಲು ಕರೆಂಟು, ಇವು ಕಂಪನಿ ಮತ್ತು ಸರ್ಕಾರದ ಎದುರು ಕೂತು ಗಟ್ಟಿಯಾಗಿ ಕೇಳುವ ವಿಷಯಗಳು. ಮಳೆಯ ವಾದ ಹಿಡಿದರೆ ಕಂಪನಿಯವರು ಒಂದು ನಿಮಿಷದಲ್ಲಿ ಗೆಲ್ಲುತ್ತಾರೆ, ಉಳಿದ ನ್ಯಾಯದ ಬೇಡಿಕೆಗಳೂ ಅದರ ಜೊತೆ ತೇಲಿಹೋಗುತ್ತವೆ.

ಸಂಶೋಧನೆಯ ಕಡೆಯಿಂದ ಆಗಬೇಕಾದ ಕೆಲಸವೂ ಇದೆ. ಹಿಂಗಾರಿ ಜೋಳ ಬಿತ್ತಿದ ಮೇಲೆ ಅದಕ್ಕೆ ಸಿಗುವುದು ಕಪ್ಪು ಮಣ್ಣಿನಲ್ಲಿ ಉಳಿದ ಹಸಿ ಮತ್ತು ಚಳಿಗಾಲದ ಇಬ್ಬನಿ. ರಾತ್ರಿಯ ಬಿಸಿ ಅರ್ಧ ಡಿಗ್ರಿ ಏರಿದರೂ ಇಬ್ಬನಿ ಬೀಳುವ ಹೊತ್ತು ಬದಲಾಗಬಹುದು. ಚಳಿಗಾಲದಲ್ಲಿ ಯಂತ್ರಗಳು ತಿರುಗುವುದು ಕಡಿಮೆ, ಹಾಗಾಗಿ ಪರಿಣಾಮವೂ ಕಡಿಮೆಯೇ ಇರಬೇಕು. ಆದರೆ 'ಇರಬೇಕು' ಅನ್ನುವ ಮಾತು ರೈತನಿಗೆ ಸಾಲದು. ಟೆಕ್ಸಾಸ್, ಅಯೊವಾದ ಅಂಕಿಗಳನ್ನು ತಂದು ಜತ್ತದ ಎರೆ ಹೊಲಕ್ಕೆ ಅಂಟಿಸಲೂ ಆಗುವುದಿಲ್ಲ. ಮಣ್ಣು ಬೇರೆ, ಬೆಳೆ ಬೇರೆ, ಗಾಳಿಯ ಹಂಗಾಮು ಬೇರೆ.

ಅಳತೆ ಮಾಡುವುದು ಅಂಥ ಕಷ್ಟವೇನಲ್ಲ. 1990ರಲ್ಲಿ ಮಾಂಟ್‌ಬ್ಲೆಕ್ಸ್ ಎಂಬ ಪ್ರಯೋಗದಲ್ಲಿ ರೊದ್ದಂ ನರಸಿಂಹ ಮತ್ತು ದೇಶದ ಹಲವು ಸಂಸ್ಥೆಗಳವರು ಜೋಧಪುರ, ದೆಹಲಿ, ವಾರಾಣಸಿ, ಖರಗ್‌ಪುರದಲ್ಲಿ ಗೋಪುರ ನಿಲ್ಲಿಸಿ ಮುಂಗಾರಿನಲ್ಲಿ ನೆಲದ ಹತ್ತಿರದ ಗಾಳಿಯನ್ನು ಅಳೆದಿದ್ದರು. ಈಗಿನ ಸೆನ್ಸರುಗಳು ಅವತ್ತಿನದಕ್ಕಿಂತ ಎಷ್ಟೋ ಅಗ್ಗ. ಯಂತ್ರದ ಸಾಲಿಗಿಂತ ಮುಂಚೆ ಒಂದು ಹೊಲ, ಸಾಲಿನ ಹಿಂದೆ ಒಂದು ಹೊಲ, ದೂರದಲ್ಲಿ ಯಂತ್ರವಿಲ್ಲದ ಒಂದು ಹೊಲ. ಮೂರರಲ್ಲೂ ಒಂದೇ ತಳಿಯ ಜೋಳ. ಆಳಿನೆತ್ತರದಲ್ಲಿ ಉಷ್ಣತೆ, ಪಸೆ, ಮಣ್ಣಿನ ಹಸಿ, ಎಲೆಯ ಮೇಲಿನ ಇಬ್ಬನಿ ಅಳೆಯುವ ಉಪಕರಣ. ಸಾಂಗ್ಲಿ, ಸೊಲ್ಲಾಪುರ, ವಿಜಯಪುರದ ಎಂಜಿನಿಯರಿಂಗ್ ಮತ್ತು ಕೃಷಿ ಕಾಲೇಜುಗಳ ಮಕ್ಕಳು ಸೇರಿ ಮಾಡಬಹುದಾದ ಕೆಲಸ ಇದು. ಗಾಳಿಯ ವೇಗ, ದಿಕ್ಕು, ಯಂತ್ರ ತಿರುಗಿದ ಹೊತ್ತು ಇವೆಲ್ಲ ಹತ್ತು ಹತ್ತು ನಿಮಿಷಕ್ಕೆ ಕಂಪನಿಯ ಕಂಪ್ಯೂಟರಿನಲ್ಲಿ ದಾಖಲಾಗುತ್ತಿರುತ್ತವೆ. ಆ ದಾಖಲೆಯನ್ನು ಸಂಶೋಧನೆಗೆ ಕೊಡಬೇಕು ಅನ್ನುವುದು ಗ್ರಾಮಸಭೆ ಹಾಕಬಹುದಾದ ನ್ಯಾಯವಾದ ಷರತ್ತು.

ಇದಕ್ಕೆ ಹೊತ್ತು ಮೀರಬಾರದು. ಹಳೆಯ ಚಿಕ್ಕ ಯಂತ್ರ ಇಳಿದು ದೊಡ್ಡದು ಏರಿದ ಮೇಲೆ ಅಳೆಯಲು ಹೊರಟರೆ, ಮೊದಲು ಹೇಗಿತ್ತು ಅನ್ನುವುದಕ್ಕೆ ಅಂಕಿಯೇ ಇರುವುದಿಲ್ಲ. ಮತ್ತೆ ಒಬ್ಬರು ಮೂಢನಂಬಿಕೆ ಅನ್ನುತ್ತಾರೆ, ಇನ್ನೊಬ್ಬರು ಮೋಸ ಅನ್ನುತ್ತಾರೆ. ಹೊಸ ಯಂತ್ರಕ್ಕೆ ಒಪ್ಪಿಗೆ ಕೇಳಿಕೊಂಡು ಬಂದವರ ಮುಂದೆ, ಕನಿಷ್ಠ ಒಂದು ಹಿಂಗಾರಿಯ ಅಳತೆ ಮುಗಿದ ಮೇಲೆ ಕ್ರೇನು ಊರೊಳಗೆ ಬರಲಿ ಅಂತ ಪಂಚಾಯಿತಿ ಬರೆದುಕೊಡಬೇಕು.